ಹೆಂಡತಿಗೊಂದು ಶೇಡ್ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದಲ್ಲಿ ನನಗೆ ಟೋಪಿ ಹಾಕುವವರು ಚಿಕ್ಕೋಡಿಯಲ್ಲಿ ಇನ್ನೂ ಹುಟ್ಟಿಲ್ಲ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ತಳ್ಳುಗಾಡಿಯ ಮೇಲೆ ಬ್ಲೌಸ್ ಪೀಸ್ ಮಾರಿ ಮೇಲೆ ಬಂದವನು ನಾನು. ಈಗ ಅದೇ ರಸ್ತೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ಬ್ಲೌಸಿನ ಬಟ್ಟೆ, ಲಂಗ, ಫಾಲು, ದಾರ ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆದುಕೊಡುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ನನ್ನ ಹೆಂಡತಿ ಸುಮಂಗಲಾ ಗಿರಾಕಿಗಳ ಸೀರೆಗೆ ಫಾಲು ಹಚ್ಚಿ, ಅಂಚಿಗೆ ಪಿಕೋ ಮಾಡಿ ಕೊಡುತ್ತಾಳೆ. ಸೀರೆ ಒಬ್ಬರ ಮನೆಯಿಂದ ಬಂದರೆ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಇದನ್ನು ನಾನು ವ್ಯವಹಾರ ಅನ್ನುತ್ತೇನೆ.

ಚೌಕಾಸಿ ಕಲಿಯಬೇಕೆಂದಿರುವ ಓದುಗರಿಗೆ ಒಂದು ಸಲಹೆ, ಪುಕ್ಕಟೆ. ಇಷ್ಟವಾದ ಮಾಲನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ದರ ಕೇಳಿ ನಗಿ. ಆಮೇಲೆ ಎದ್ದು ಮೆಟ್ಟಿಲ ತನಕ ಹೋಗಿ, ಚಪ್ಪಲಿ ಹಾಕಿಕೊಳ್ಳಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳಿ. ಎರಡನೇ ಚಪ್ಪಲಿ ಕಾಲಿಗೇರುವ ಮೊದಲು ಅಂಗಡಿಯವನು ಕರೆಯುತ್ತಾನೆ. ಇಚಲಕರಂಜಿಯಿಂದ ಕೊಲ್ಲಾಪುರದವರೆಗೆ ಈ ವಿದ್ಯೆ ನನಗೆ ಎಂದೂ ಕೈಕೊಟ್ಟಿಲ್ಲ.

ಒಂದು ಸಲ ಮಾತ್ರ ತಂಬಾಕು ಬಣ್ಣದ ಒಂದು ಥಾನು, ಅಂದರೆ ಬಟ್ಟೆಯ ಇಡೀ ಸುರುಳಿ, ನನ್ನ ತಲೆಗೆ ಕಟ್ಟಿದ್ದರು. ತುಂಬಾ ಅಗ್ಗಕ್ಕೆ ಕೊಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು. ಹೊಲದಲ್ಲಿ ತಂಬಾಕು, ಗೋದಾಮಿನಲ್ಲಿ ತಂಬಾಕು, ಗಂಡನ ಕಿಸೆಯಲ್ಲಿ ತಂಬಾಕು ನೋಡಿ ಸಾಕಾಗಿರುವ ನಮ್ಮ ಕಡೆಯ ಹೆಂಗಸರು ಅದನ್ನು ಮೈಮೇಲೂ ಹಾಕಿಕೊಂಡಾರೆಂದು ನಾನು ಹೇಗೆ ನಂಬಿದೆನೋ. ಒಬ್ಬರೂ ಮುಟ್ಟಲಿಲ್ಲ. ಮಾರದೆ ಉಳಿದ ಇಂಥ ಮಾಲಿಗೆ ನಮ್ಮ ಧಂದೆಯಲ್ಲಿ ಡೆಡ್ ಸ್ಟಾಕ್ ಅನ್ನುತ್ತಾರೆ. ಪ್ರತಿ ವರ್ಷ ಸುಮಂಗಲಾಳ ಹುಟ್ಟುಹಬ್ಬಕ್ಕೆ ನಾನು ಕೊಡುತ್ತಿದ್ದ ಬ್ಲೌಸ್ ಪೀಸು ಆ ಗುಡ್ಡೆಯಿಂದಲೇ ಬರುತ್ತಿತ್ತು. ಆದರೆ ಹುಟ್ಟುಹಬ್ಬದ ದಿನ ಡೆಡ್ ಅನ್ನಬಾರದೆಂಬ ತಿಳಿವಳಿಕೆ ನನಗಿದೆ. ‘ಸ್ಪೆಷಲ್ ಕಲರ್’ ಅನ್ನುತ್ತಿದ್ದೆ. ಅವಳು ಸುಮ್ಮನೆ ಹೊಲಿದು ತೊಟ್ಟುಕೊಳ್ಳುತ್ತಿದ್ದಳು. ಊರಲ್ಲಿ ಯಾವ ಬಣ್ಣ ಓಡುವುದಿಲ್ಲವೆಂದು ತಿಳಿಯಬೇಕಾದರೆ ನನ್ನ ಹೆಂಡತಿಯನ್ನು ನೋಡಿದರೆ ಸಾಕಿತ್ತು.

ಮೊಬೈಲಿನಲ್ಲಿ ಒಂದು ಮೆಸೇಜು ಒತ್ತಿ ಶುಭಾಶಯ ಮುಗಿಸುವ ರೂಢಿ ಆಗ ತಾನೇ ಶುರುವಾಗಿತ್ತು. ಅಂಥ ಕಾಲದಲ್ಲಿ ನಮ್ಮ ಮಹಡಿಯ ಬಾಡಿಗೆ ಮನೆಯ ಗಂಡಸು, ಬ್ಯಾಂಕಿನಲ್ಲಿ ಕೆಲಸ ಮಾಡುವವನು, ತನ್ನ ಹೆಂಡತಿಯ ಹುಟ್ಟುಹಬ್ಬಕ್ಕೆ ಕೈಯಾರೆ ಒಂದು ಕಾರ್ಡು ಮಾಡಿಕೊಟ್ಟ. ಆಕೆ ಅದನ್ನು ಕೆಳಗೆ ತಂದು ಸುಮಂಗಲಾಗೆ ತೋರಿಸಿದಳು. ರಾತ್ರಿ ಊಟಕ್ಕೆ ಕುಳಿತಾಗ ಆ ವಿಷಯ ನನ್ನ ತಾಟಿಗೆ ಬಂತು.

“ಮ್ಯಾಲಿನ ಮ್ಯಾಡಮ್ಮಾರಿಗೆ ಅವರ ಯಜಮಾನ್ರು ಕಾರ್ಡ್ ಮಾಡಿ ಕೊಟ್ಟಾರ್ರಿ. ತಮ್ಮ ಕೈಲೆ.”

“ಯಾಕ, ಅಂಗಡ್ಯಾಗ ಸಿಗೂದಿಲ್ಲೇನು? ಬ್ಯಾಂಕಿನ್ಯಾಗ ಇದ್ದಾಂವಗ ಇಷ್ಟ ಬಡತನ?”

ಅವಳು ನಗಲಿಲ್ಲ. ರೊಟ್ಟಿ ಹಾಕುತ್ತ ತನ್ನ ಹುಟ್ಟುಹಬ್ಬದ ಮಾತು ತೆಗೆದಳು: “ಮುಂದಿನ ವಾರ ನನ್ನ ವಾಢದಿವಸ ಐತಿ. ಈ ಸಲ ಅಂಗಡ್ಯಾಗಿಂದ ಏನೂ ತರಬ್ಯಾಡ್ರಿ.”

“ಮತ್ತ ಫ್ಲೆಕ್ಸ್ ಹಾಕಸ್ಲೇನು? ಬಸ್ ಸ್ಟ್ಯಾಂಡ್ ಮುಂದ, ನಿನ್ನ ದೊಡ್ಡ ಫೋಟೋ, ಸುತ್ತಲೂ ಸಣ್ಣ ಸಣ್ಣ ಶುಭೇಚ್ಛುಕರು. ಹೋಲ್‌ಸೇಲ್ ರೇಟಿನ್ಯಾಗ ಮಾಡಸ್ತೀನಿ.”

“ನಾ ಏನ್ ಪುಢಾರಿ ಅದೀನೇನ್ರಿ, ಕೈ ಮುಗಕೊಂಡ ನಿಂದ್ರಾಕ?” ಆಮೇಲೆ ದನಿ ಸಣ್ಣದಾಯಿತು. “ನಿಮ್ಮ ಕೈಲೆ ಏನರೆ ಮಾಡಿ ಕೊಡ್ರಿ. ಸಣ್ಣದ ಇರಲಿ. ಯಾರ ಕಡೆನೂ ಕೊಸರಾಡಿ ತಂದಿದ್ದಿರಬಾರದು. ಉಳಿದಿದ್ದಿರಬಾರದು. ಅಷ್ಟ.”

ಉಳಿದಿದ್ದು ಎಂಬ ಶಬ್ದ ಕೇಳಿ, ಮುರಿದ ರೊಟ್ಟಿಯನ್ನು ತಾಟಿಗೆ ವಾಪಸು ಇಟ್ಟೆ. ಸ್ಪೆಷಲ್ ಕಲರಿನ ಗುಟ್ಟು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಅಂತಾಯಿತು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಈಗ ಕೇಳಿದ್ದು ಕೂಡ ನನ್ನ ಗಲ್ಲಾಕ್ಕೆ ಬಿಸಿ ತಾಗದಂಥದ್ದು. ಇದೊಂದನ್ನು ಮಾಡಿಕೊಡದಿದ್ದರೆ ನಾನು ಮನುಷ್ಯನೇ ಅಲ್ಲ ಅಂದುಕೊಂಡೆ. ಜೊತೆಗೆ, ಒಂದು ಕಾರ್ಡು ಮಾಡುವುದರಲ್ಲಿ ಏನು ಮಹಾ ಇದೆ ಅಂತಲೂ ಅಂದುಕೊಂಡೆ. ಅನಾಹುತದ ಬೀಜ ಅಲ್ಲಿತ್ತು.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ದಪ್ಪ ಕಾಗದ ಮಡಚಿ ಅದರ ಮೇಲೆ ಗುಲಾಬಿ ಬರೆದೆ. ಪಕಳೆ ಸಾಲದೆನ್ನಿಸಿ ಇನ್ನೊಂದಿಷ್ಟು ಸೇರಿಸಿದೆ. ಎಲೆಯನ್ನೂ ಹಚ್ಚಿದೆ. ಫಾಲು ಕೊಳ್ಳಲು ಬಂದ ಹೆಂಗಸೊಬ್ಬಳು ಕೌಂಟರಿನ ಮೇಲೆ ಬಗ್ಗಿ ನೋಡಿದಳು.

“ಕೋಬಿ ಛಲೋ ಬಂದೈತಲ್ರಿ ಅಣ್ಣಾ. ಸಂತ್ಯಾಗ ಈಗ ಹೆಂಗ ನಡದೈತಿ?”

ಎಲೆಕೋಸಾದ ಗುಲಾಬಿಯನ್ನು ಹರಿದು ಬುಟ್ಟಿಗೆ ಹಾಕಿದೆ. ನನಗೊಂದು ತತ್ವ ಹೊಳೆಯಿತು. ಗೊತ್ತಿಲ್ಲದ ಮಾಲಿಗೆ ಕೈ ಹಾಕಬಾರದು. ಗೊತ್ತಿದ್ದದ್ದರಲ್ಲೇ ಆಟ ಆಡಬೇಕು. ನನಗೆ ಗೊತ್ತಿದ್ದದ್ದು ಏನು? ಬಣ್ಣ. ಎದುರಿಗೆ ಶೇಡ್ ಕಾರ್ಡು ಬಿದ್ದಿತ್ತು. ಗಟ್ಟಿ ರಟ್ಟಿನ ಮೇಲೆ ಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಸಾಲಾಗಿ ಅಂಟಿಸಿ, ಕೆಳಗೆ ಬಣ್ಣದ ನಂಬರು ಹಾಕಿರುತ್ತಾರಲ್ಲ, ಅದು. ಸುಮಂಗಲಾಳದೇ ಒಂದು ಶೇಡ್ ಕಾರ್ಡು ಮಾಡಿದರೆ? ಅವಳು ಉಟ್ಟ ಮುಖ್ಯವಾದ ಸೀರೆಗಳಿಂದ ಒಂದೊಂದು ತುಂಡು. ಒಂದೊಂದರ ಕೆಳಗೆ ಒಂದೊಂದು ಮಾತು. ಬ್ಯಾಂಕಿನವನು ಇನ್ನೊಂದು ಜನ್ಮ ಎತ್ತಿದರೂ ಇದು ಅವನ ತಲೆಗೆ ಹೊಳೆಯದು.

ಸೀರೆಗೆ ಕತ್ತರಿಯೇ ಎಂದು ಗಾಬರಿಯಾಗಬೇಡಿ. ನಮ್ಮ ಧಂದೆಯಲ್ಲಿ ಇದೊಂದು ರೀತಿ. ದೂರದ ಹಳ್ಳಿಯ ಗಿರಾಕಿಗಳು ಸೀರೆಯನ್ನು ನಮ್ಮಲ್ಲಿ ಬಿಟ್ಟು ಹೋಗಲಾರರು. ಆಗ ಸೀರೆಯ ಒಳತುದಿಯಿಂದ, ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಕಡೆಯಿಂದ, ಸಣ್ಣ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡು ಅದಕ್ಕೆ ಮ್ಯಾಚಿಂಗ್ ತರಿಸಿಕೊಡುತ್ತೇವೆ. ಉಟ್ಟರೆ ಯಾರ ಕಣ್ಣಿಗೂ ಕಾಣದು. ಆ ತುದಿಯನ್ನು ಹುಡುಕಲು ನಾನು ಸೀರೆಯನ್ನು ಬಿಚ್ಚುವುದು ಕೂಡ ಇಲ್ಲ. ಬೆರಳಿಗೇ ಗೊತ್ತಾಗುತ್ತದೆ.

ಸುಮಂಗಲಾ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋದಾಗ ಕತ್ತರಿ ಹಿಡಿದು ಅವಳ ಕಪಾಟು ತೆರೆದೆ. ಮದುವೆಯ ಕೆಂಪು ಸೀರೆ ಸಿಕ್ಕಿತು. ಒಂದು ತುಂಡು. ಕುಬಸದಲ್ಲಿ ಉಟ್ಟ ಹಸಿರು ಸೀರೆ ಸಿಕ್ಕಿತು. ಆಗ ಹೊಟ್ಟೆಯಲ್ಲಿದ್ದ ಮಗಳು ಈಗ ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಒಂದು ತುಂಡು. ಪಂಢರಪುರಕ್ಕೆ ಹೋದಾಗಿನ ಅರಿಷಿಣ ಬಣ್ಣದ ನೈಲಾನ್ ಸೀರೆ. ಒಂದು ತುಂಡು. ಮೇಲಿನ ಖಾನೆಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದ ಇನ್ನೊಂದು ಸೀರೆ ಕಂಡಿತು. ಟವೆಲು ಸರಿಸಿದರೆ, ಅಬೋಲಿ.

ಅಬೋಲಿ ಅಂದರೆ ಕನಕಾಂಬರದ ಬಣ್ಣ. ಕೇಸರಿಯೂ ಅಲ್ಲ, ಗುಲಾಬಿಯೂ ಅಲ್ಲ. ರಾಯಬಾಗಕ್ಕೆ ಕನ್ಯಾ ನೋಡಲು ಹೋದ ದಿನ ಸುಮಂಗಲಾ ಉಟ್ಟಿದ್ದು ಈ ಬಣ್ಣ. ಚಹಾ ಕುಡಿದಾದ ಮೇಲೆ ‘ಮನಿಗೆ ಹೋಗಿ ತಿಳಸ್ತೀವಿ’ ಅನ್ನಬೇಕೆಂದು ನಮ್ಮ ಸೋದರಮಾವ ದಾರಿಯುದ್ದಕ್ಕೂ ಪಾಠ ಹೇಳಿದ್ದ. ಅವಳು ರವೆಯ ಶಿರಾದ ತಾಟು ಹಿಡಿದು ಒಳಗಿನಿಂದ ಬಂದಳು. ಚಹಾ ಇನ್ನೂ ಬಂದಿರಲಿಲ್ಲ. ನಾನು ‘ನಮಗ ಪಸಂದ ಐತಿ’ ಅಂದುಬಿಟ್ಟೆ. ಮಾವ ಮೇಜಿನ ಕೆಳಗೆ ನನ್ನ ಕಾಲು ತುಳಿದಿದ್ದು ವಾರದ ತನಕ ನೋಯುತ್ತಿತ್ತು.

ಆ ಸೀರೆಯನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾಳಲ್ಲ ಎಂದು ಕಣ್ಣು ಮಂಜಾಯಿತು. ಮುಟ್ಟಿ ನೋಡಿದೆ. ಅಂಗಡಿಯಿಂದ ಈಗ ತಾನೇ ತಂದ ಹಾಗೆ ಗರಿಗರಿಯಾಗಿತ್ತು. ಎಂಥ ಜೋಪಾನ ಅಂದುಕೊಂಡೆ. ಬಟ್ಟೆಯ ವ್ಯಾಪಾರದಲ್ಲಿ ತಲೆ ಹಣ್ಣಾದವನು ನಾನು. ಹೊಸ ಸೀರೆಗೂ ಹಳೆಯ ಸೀರೆಗೂ ವ್ಯತ್ಯಾಸ ಗೊತ್ತಿರುವವನು. ಆದರೆ ಮಂಜಾದ ಕಣ್ಣಿಗೆ ಗರಿಗರಿ ಎಲ್ಲಾ ಪ್ರೀತಿಯಾಗಿ ಕಾಣುತ್ತದೆ. ಹೊರಗೆ ಗೇಟಿನ ಸದ್ದಾಯಿತು. ಬೆರಳಿಂದ ತುದಿ ಹುಡುಕಿ ಕಚಕ್ಕನೆ ಕತ್ತರಿಸಿ, ಕಪಾಟು ಮುಚ್ಚಿ ಹೊರಗೆ ಬಂದೆ. ತುಂಡಿನ ಜೊತೆ ಜರಿಯ ನಾಲ್ಕು ಎಳೆಯೂ ಬಂದಿತ್ತು. ಕಾರ್ಡಿಗೆ ಇನ್ನಷ್ಟು ಶೋಭೆ ಬಂತೆಂದು ಖುಷಿಪಟ್ಟೆ. ಒಳತುದಿಯಲ್ಲಿ ಜರಿ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ.

ಮುಂದಿನದು ಅಂಟಿಸುವ ಕೆಲಸ. ಗೋಂದು ಹೆಚ್ಚಾಗಿ ಕಾರ್ಡಿನ ಎರಡು ಮಗ್ಗುಲೂ ಒಂದಕ್ಕೊಂದು ಅಂಟಿಕೊಂಡವು. ಚಾಕು ಹಾಕಿ ಬಿಡಿಸಿದೆ. ತುಂಡುಗಳು ಮುದುಡಿಕೊಂಡಿದ್ದವು. ಇಸ್ತ್ರಿ ಇಟ್ಟೆ. ಪಂಢರಪುರದ ನೈಲಾನು ಕರಗಿ ಇಸ್ತ್ರಿ ಪೆಟ್ಟಿಗೆಗೆ ಹತ್ತಿಕೊಂಡಿತು. ಮತ್ತೊಮ್ಮೆ ಕಪಾಟಿಗೆ ಹೋಗಿ ಅರಿಷಿಣ ಸೀರೆಯಿಂದ ಇನ್ನೊಂದು ತುಂಡು ತಂದೆ. ಇಸ್ತ್ರಿ ಪೆಟ್ಟಿಗೆ ಹಳದಿ ಆಗಿದ್ದೇಕೆಂದು ಸುಮಂಗಲಾ ಕೇಳಿದಾಗ ‘ಕಂಪನಿ ಮಾಲು ಈಗ ಹಂಗ ಬರಾಕತ್ತೈತಿ’ ಅಂದೆ. ನೈಲಾನಿನ ಮೇಲೆ ಇಸ್ತ್ರಿ ಇಡುವವರು ನಡುವೆ ಒಂದು ಹಸಿ ಅರಿವೆ ಹಾಸಿಕೊಳ್ಳಬೇಕು. ಇದನ್ನು ನಾನು ಗಿರಾಕಿಗಳಿಗೆ ದಿನಾ ಹೇಳುತ್ತೇನೆ.

ಹುಟ್ಟುಹಬ್ಬದ ಬೆಳಿಗ್ಗೆ ಅವಳು ಚಹಾ ತಂದು ಕೊಟ್ಟಾಗ ಕಾರ್ಡನ್ನು ಅವಳ ಕೈಗಿಟ್ಟೆ. ಕಪ್ಪು ಬಸಿ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ತೆರೆದಳು. ಕೆಂಪು ತುಂಡಿನ ಕೆಳಗಿನ ಮಾತನ್ನು ಓದಿದಳು: ‘ಮದುವೆಯ ಕೆಂಪು. ಈ ಮಾಲನ್ನು ಯಾವ ಕಾರಣಕ್ಕೂ ವಾಪಸು ಕೊಡಲಾಗುವುದಿಲ್ಲ.’ ನಕ್ಕಳು. ‘ಕುಬಸದ ಹಸಿರು. ಇಂಥ ಹಸಿರು ಮತ್ತೆ ಯಾವ ಥಾನಿನಲ್ಲೂ ಸಿಗಲಿಲ್ಲ.’ ಅದನ್ನು ಎರಡು ಸಲ ಓದಿದಳು. ‘ಪಂಢರಪುರದ ಅರಿಷಿಣ. ಅಷ್ಟು ಜನರ ನಡುವೆ ಇದನ್ನು ನೋಡಿಯೇ ನಿನ್ನನ್ನು ಹುಡುಕಿದೆ.’ ಬೆರಳಿನಿಂದ ಆ ತುಂಡನ್ನು ಸವರಿದಳು. ಅವಳ ಮುಖ ನೋಡಿ, ಇಷ್ಟು ವರ್ಷ ಈ ಧಂದೆಯನ್ನು ಯಾಕೆ ಮಾಡಲಿಲ್ಲವೋ ಅನ್ನಿಸಿತು.

ಬೆರಳು ಕೊನೆಯ ತುಂಡಿಗೆ ಬಂತು. ‘ಅಬೋಲಿ. ಇದರ ಮುಂದೆ ನನ್ನ ಚೌಕಾಸಿ ನಡೆಯಲಿಲ್ಲ.’

ಬೆರಳು ಅಲ್ಲೇ ನಿಂತಿತು.

“ಇದು ಎಲ್ಲೀದ್ರಿ?”

“ನೆನಪ ಮಾಡ್ಕೋ. ರಾಯಬಾಗ. ಶಿರಾ.”

“ಅದು ತಿಳೀತ್ರಿ. ಎಲ್ಲಿಂದ ಕತ್ತರಿಸಿದ್ರಿ?”

“ಮ್ಯಾಲಿನ ಖಾನೇದಾಗಿಂದ. ಟವೆಲನ್ಯಾಗ ಸುತ್ತಿ ಇಟ್ಟಿದ್ದೆಲ್ಲ. ನನಗ ಗೊತ್ತಾಗೂದಿಲ್ಲ ಅಂತ ಮಾಡಿದ್ದೇನು?”

ಅವಳು ಮಂಚದ ಮೇಲೆ ಕುಳಿತುಬಿಟ್ಟಳು. “ರಾಯಬಾಗದಾಗ ನಾ ಉಟ್ಟಿದ್ದ ಸೀರಿ ನಮ್ಮ ವೈನೀದ್ರಿ, ಅಣ್ಣನ ಹೆಂಡ್ತೀದು. ನೀವು ಹೋದ ಮ್ಯಾಲೆ ಅವತ್ತ ಸಂಜಿಗೆ ಮಡಚಿ ತಿರುಗಿ ಕೊಟ್ಟೀನಿ. ಅಬೋಲಿ ಬಣ್ಣದ ಸೀರಿ ನನ್ನ ಕಡೆ ಯಾವತ್ತೂ ಇಲ್ಲ.”

“ಹಂಗಾರ ಇದು?”

“ಕರೋಶಿ ಗೌರಕ್ಕಂದು. ಮಗಳ ಸಾಖರಪುಡಾಕ್ಕ ತಂದ ಹೊಸಾ ಸೀರಿ, ಪಿಕೋ ಮಾಡಾಕ ಕೊಟ್ಟಾರ. ಲಗ್ನದ ಸೀಜನ್ ನೋಡ್ರಿ, ಗಿರಾಕಿ ಸೀರಿ ಇಡೋ ಟ್ರಂಕು ತುಂಬಿತ್ತು. ಅದಕ್ಕ ನನ್ನ ಕಪಾಟನ್ಯಾಗ ಇಟ್ಟಿದ್ದೆ. ಇವತ್ತ ಒಯ್ಯಾಕ ಬರ್ತಾರ.”

ನಿಶ್ಚಿತಾರ್ಥದ ಆ ಸೀರೆ ಬಿಚ್ಚಿ ನೋಡಿದೆವು. ಒಳತುದಿ ಅಖಂಡವಾಗಿತ್ತು. ಸೆರಗಿನ ಮೂಲೆ ಇರಲಿಲ್ಲ. ಜರಿಯ ಅಂಚು ಅಲ್ಲಿಯವರೆಗೆ ಚೆಂದವಾಗಿ ಬಂದು, ನನ್ನ ಕತ್ತರಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಬೆರಳಿಗೇ ಗೊತ್ತಾಗುತ್ತದೆ ಅಂದೆನಲ್ಲ, ಆ ಬೆರಳು ಇದು.

ನಾನು ಧೈರ್ಯಗೆಡಲಿಲ್ಲ. ವ್ಯವಹಾರಸ್ಥನಿಗೆ ದಾರಿ ಹೊಳೆಯುತ್ತದೆ. “ಒಂದಿಷ್ಟ ಒಳಗ ಮಡಚಿ ಪಿಕೋ ಹೊಡದ ಬಿಡು. ಯಾರಿಗೂ ಕಾಣಾಂಗಿಲ್ಲ.”

“ಉಡಿ ತುಂಬೋ ಸೆರಗ್ರಿ ಅದು. ಕತ್ತರಿ ಬಿದ್ದ ಸೆರಗಿನ್ಯಾಗ ಕಾಯಿ ಅಕ್ಕಿ ಹಾಕಸ್ಕೊಂಡ ಕೂಡಬೇಕೇನು ಆ ಹುಡುಗಿ? ಗೌರಕ್ಕ ನನ್ನ ಕೈ ನಂಬಿ ಕೊಟ್ಟ ಹೋಗ್ಯಾರ.”

ಎರಡನೆಯ ದಾರಿ ಹೊಳೆಯಿತು. ತುಂಡನ್ನು ಕಾರ್ಡಿನಿಂದ ಕಿತ್ತು ರಫು ಮಾಡುವವನ ಹತ್ತಿರ ಕೂಡಿಸುವುದು. ಬ್ಲೇಡು ತಂದು ಅಬೋಲಿಯ ಮೂಲೆಗೆ ಹಚ್ಚಿದೆ. ಸುಮಂಗಲಾ ಕಾರ್ಡನ್ನು ಕಸಿದುಕೊಂಡು ಎದೆಗೆ ಒತ್ತಿ ಹಿಡಿದಳು.

“ಇದಕ್ಕ ಕೈ ಹಚ್ಚಬ್ಯಾಡ್ರಿ. ಇದು ನಂದು. ಸೀರಿ ಹೊಸಾದು ಸಿಗತೈತಿ.”

ಮೂರನೆಯ ದಾರಿಯನ್ನು ಅವಳಿಗೆ ಹೇಳಲಿಲ್ಲ. ಅದು ಇಲಿಯ ದಾರಿ.

ಗೌರಕ್ಕ ಬಿಸಿಲೇರುವ ಹೊತ್ತಿಗೆ ಬಂದಳು. ಕರೋಶಿಯಲ್ಲಿ ಹೊಲ, ಎಮ್ಮೆ, ಮನೆ ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸುವ ಹೆಂಗಸು. ನನಗಿಂತ ಹಿರಿಯಳು. ನನ್ನ ಅಂಗಡಿಯಲ್ಲಿ ದರ ಇಳಿಸಿಕೊಂಡು ಹೋದ ಗಿರಾಕಿ ಎಂದರೆ ಇವಳೊಬ್ಬಳೇ. ಅಂಗಡಿಯಲ್ಲಿ ಬೇರೆ ಹೆಂಗಸರೂ ಇದ್ದರು. ನಾನು ಆಕೆಗೆ ಸ್ಟೂಲು ಹಾಕಿ, ಚಹಾ ತರಿಸಿ, ಗಂಭೀರವಾಗಿ ಶುರು ಮಾಡಿದೆ.

“ಅಕ್ಕಾ, ಈ ವರ್ಷ ಚಿಕ್ಕೋಡ್ಯಾಗ ಇಲಿ ಭಾಳ ಆಗ್ಯಾವ ನೋಡ್ರಿ. ಮುನಸಿಪಾಲ್ಟಿಯವರು ಏನೂ ಮಾಡವಲ್ಲರು.”

“ಇಲಿ ಅಲ್ಲ ಗೌರಕ್ಕಾ,” ಅಂದಳು ಹಿಂದಿನಿಂದ ಬಂದ ಸುಮಂಗಲಾ, ಸೀರೆಯನ್ನು ಕೌಂಟರಿನ ಮೇಲೆ ಹರಡುತ್ತ. “ನಮ್ಮವರು.”

ಗೌರಕ್ಕ ಸೆರಗಿನ ಮೂಲೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಮೂಲೆ ನೋಡಿದಳು. ನನ್ನ ಮುಖದಲ್ಲಿ ಹಲ್ಲು ಹುಡುಕುತ್ತಿದ್ದಂತಿತ್ತು.

“ಯಾಕೋ ತಮ್ಮಾ? ನಾ ನಿನಗ ಏನ್ ಮಾಡೀನಿ?”

ಸುಮಂಗಲಾ ಎಲ್ಲವನ್ನೂ ಹೇಳಿ, ಕೊನೆಗೆ ಕಾರ್ಡು ತಂದು ತೋರಿಸಿದಳು. ಗೌರಕ್ಕನಿಗೆ ಓದು ಬಾರದು. “ಏನ್ ಬರದಾನ, ಜೋರಲೆ ಓದವಾ” ಅಂದಳು. ಸುಮಂಗಲಾ ಓದಿದಳು. ಕೆಂಪು, ಹಸಿರು, ಅರಿಷಿಣ, ಅಬೋಲಿ. ಹೆಂಡತಿಗೆ ಗುಟ್ಟಾಗಿ ಬರೆದ ಮಾತುಗಳನ್ನು ಗಿರಾಕಿಗಳ ಎದುರು ಓದಿದರೆ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ನಾನು ಡ್ರಾಯರಿನಲ್ಲಿ ಇಲ್ಲದ ದಾರದ ಉಂಡೆ ಹುಡುಕತೊಡಗಿದೆ. ಮೊನ್ನೆ ಫಾಲು ಕೊಳ್ಳಲು ಬಂದಿದ್ದವಳು, ಅದೇ ಕೋಬಿಯವಳು, ಪಕ್ಕದವಳ ಕಿವಿಯಲ್ಲಿ “ವಾಪಸ ಕೊಡಾಂಗಿಲ್ಲಂತ ನೋಡ” ಎಂದು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು.

ಗೌರಕ್ಕ ಕಾರ್ಡನ್ನು ಕೈಗೆ ತೆಗೆದುಕೊಂಡು ನಾಲ್ಕು ತುಂಡುಗಳನ್ನೂ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: “ನಮ್ಮನ್ಯಾಂವಗ ಇವತ್ತ ಮುಂಜಾನೆ ನಾ ಯಾವ ಸೀರಿ ಉಟ್ಟೀನಿ ಅಂತ ಕೇಳ್ರಿ, ಹೇಳ್ಳಿ ನೋಡೂಣು. ಎಮ್ಮಿ ಬಣ್ಣ ಕೇಳಿದ್ರ ಹೇಳ್ತಾನ.”

ನನಗೆ ಜೀವ ಬಂತು. ಮನಸ್ಸು ಕರಗಿದ ಗಿರಾಕಿಯನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಮಗಳಿಗೆ ಮ್ಯಾಚಿಂಗ್ ಎಲ್ಲಾ ಪುಕ್ಕಟೆ, ಬೀಗರ ಕಡೆಯ ಹೆಂಗಸರಿಗೂ ಬ್ಲೌಸ್ ಪೀಸು, ಅದೂ ಸ್ಪೆಷಲ್ ಕಲರ್, ಎಂದು ಶುರು ಮಾಡಿದೆ.

ಗೌರಕ್ಕ ಕೈ ಎತ್ತಿ ನಿಲ್ಲಿಸಿದಳು. “ಪ್ರೀತಿ ನಿಂದು, ಸೀರಿ ನಂದು. ನಾಡದ ಸಾಖರಪುಡಾ ಐತಿ. ಬೀಗರಿಗೆ ಈ ಬಣ್ಣ ತೋರಿಸೇವಿ. ಇದ ಸೀರಿ, ಇದ ಬಣ್ಣ ಬೇಕು. ನಡಿ ನಿಪ್ಪಾಣಿಗೆ, ಇದನ್ನ ತಂದ ಅಂಗಡಿಗೆ.”

ಹೊರಡುವಾಗ ಸುಮಂಗಲಾ ಅಂಗಡಿಯ ಮೆಟ್ಟಿಲ ತನಕ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. “ಕಾರ್ಡ್ ಛಲೋ ಐತ್ರಿ,” ಅಂದಳು. “ಉಂಡ ಹೋಗಬೇಕಿತ್ತು.”

ಬಸ್ಸಿನಲ್ಲಿ ಗೌರಕ್ಕ ಕಿಟಕಿಯ ಪಕ್ಕ ಕುಳಿತಳು. ಟಿಕೀಟು ನಾನು ತೆಗೆಸಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಗೌರಕ್ಕನಂಥ ಗೌರಕ್ಕ ಆ ಸೀರೆಗೆ ಎಷ್ಟು ಇಳಿಸಿರಬೇಕು? ನಾನು ಅದಕ್ಕಿಂತ ಇನ್ನಷ್ಟು ಇಳಿಸಬಲ್ಲೆ. ಮುಖ್ಯ ಮಾತೆಂದರೆ ನಮಗೆ ಈ ಸೀರೆಯ ತುರ್ತು ಇದೆಯೆಂದು ಅಂಗಡಿಯವನಿಗೆ ತಿಳಿಯಬಾರದು. ಇದನ್ನು ಆಕೆಗೆ ಹೇಳಿದೆ ಕೂಡ. “ಆತು ತಮ್ಮಾ” ಅಂದಳು.

ನಿಪ್ಪಾಣಿಯ ಆ ಅಂಗಡಿಯಲ್ಲಿ ಗಾದಿಯ ಮೇಲೆ ಕೂರುವ ಮೊದಲೇ ಗೌರಕ್ಕ ಶೇಠನಿಗೆ ಸುದ್ದಿ ಹೇಳಲು ಶುರು ಮಾಡಿದಳು. ಸಂಗಡ ಬಂದಿರುವವನು ಯಾರು, ಕತ್ತರಿ ಎಲ್ಲಿ ಬಿತ್ತು, ಕಾರ್ಡಿನಲ್ಲಿ ಏನಿದೆ, ಹೆಂಡತಿ ಹೇಗೆ ಎದೆಗೆ ಒತ್ತಿಕೊಂಡಳು, ಒಂದನ್ನೂ ಬಿಡಲಿಲ್ಲ. ಶೇಠ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಹಿಂದಿನ ಕಪಾಟಿನಿಂದ ಅಬೋಲಿ ಸೀರೆ ತೆಗೆದು ನನ್ನ ಮುಂದೆ ಇಟ್ಟು, ಮರಾಠಿಯಲ್ಲಿ ಅಂದ: “ಏಕಚ್ ಪೀಸ್ ಉರಲಾಯ್.” ಒಂದೇ ಉಳಿದಿದೆಯಂತೆ.

ನಾನು ಮೊದಲು ಬೇರೆ ಸೀರೆಗಳನ್ನು ಮುಟ್ಟಿದೆ. ದರ ಕೇಳಿ ನಕ್ಕೆ. ಶೇಠನೂ ನಕ್ಕ. ಅಂಚು ತೆಳುವಾಗಿದೆ ಅಂದೆ. ಹೌದು ಅಂದ. ಬಣ್ಣ ಹೋಗಬಹುದು ಅಂದೆ. ಹೋಗಬಹುದು ಅಂದ. ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ. “ಬ್ಯಾಡ ಬಿಡ್ರಿ, ಬ್ಯಾರೆ ಕಡೆ ನೋಡ್ತೀವಿ” ಎಂದು ಎದ್ದು ಮೆಟ್ಟಿಲಿಗೆ ಹೋದೆ.

ಒಂದು ಚಪ್ಪಲಿ ಹಾಕಿಕೊಂಡೆ. ಒಂದು ಚಪ್ಪಲಿಗೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದೋ ಅಷ್ಟನ್ನೂ ತೆಗೆದುಕೊಂಡೆ. ಬೆರಳು ಸರಿಪಡಿಸಿಕೊಂಡೆ. ಧೂಳು ಕೊಡವಿದೆ. ಒಳಗಿನಿಂದ ಯಾರೂ ಕರೆಯಲಿಲ್ಲ. ಗೌರಕ್ಕನ ದನಿ ಮಾತ್ರ ಕೇಳಿಸಿತು.

“ಕರೀಬ್ಯಾಡ್ರಿ ಶೇಠಜೀ, ತಾನ ಬರ್ತಾನ. ಇವತ್ತ ಹೆಂಡ್ತಿ ವಾಢದಿವಸ ಐತಿ.”

ಚಪ್ಪಲಿ ಬಿಟ್ಟು ಒಳಗೆ ಬಂದೆ. ಶೇಠ ಹೇಳಿದ್ದನ್ನು ಪೂರ್ತಿ ಎಣಿಸಿ ಕೊಟ್ಟೆ. ಜೀವನದಲ್ಲಿ ಒಂದು ಸೀರೆಗೆ ಚೀಟಿಯ ಮೇಲಿನ ದರವನ್ನು ಕೊಟ್ಟವನು ನಾನು ಅಂತ ಇನ್ನು ಯಾರಾದರೂ ಹೇಳಿದರೆ ಇಲ್ಲ ಅನ್ನಲಾಗದು. ಮಾನ ಉಳಿಸಿಕೊಳ್ಳಲು ಒಂದು ಒಳ್ಳೆಯ ಚೀಲವನ್ನಾದರೂ ಕೊಡಿ ಅಂದೆ. ಕೊಟ್ಟ. ಅದನ್ನು ಗೌರಕ್ಕ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಆಕೆ ಹೊಸ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: “ಆ ಕತ್ತರಿಸಿದ್ದನ್ನ ನಿನ್ನ ಹೆಂಡತಿಗೆ ಉಡಸು. ಇಷ್ಟ ವರ್ಷ ಉಳಿದಿದ್ದು ಬಳದಿದ್ದು ಉಡಸಿದಿ, ಇದೊಂದರೆ ಆಯ್ದದ್ದು ಇರಲಿ. ನಾಡದ ಸಾಖರಪುಡಾಕ್ಕ ಇಬ್ಬರೂ ಬರ್ರಿ.” ಸ್ವಲ್ಪ ಯೋಚಿಸಿ ಸೇರಿಸಿದಳು: “ಆದರ ಅವತ್ತ ಆ ಸೀರಿ ಬ್ಯಾಡಾ. ಕನ್ಯಾ ಯಾರು ಅಂತ ಬೀಗರಿಗೆ ತಿಳಿಯಾಂಗಿಲ್ಲ.”

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಸುಮಂಗಲಾ ಅಷ್ಟರಲ್ಲಿ ಆ ಸೀರೆಯ ಮೂಲೆಯನ್ನು ಬಳೆಯ ಹಾಗೆ ಗುಂಡಗೆ ಕತ್ತರಿಸಿ ಪಿಕೋ ಮಾಡಿಟ್ಟಿದ್ದಳು. ಉಟ್ಟುಕೋ ಅಂದೆ. “ನನಗ?” ಅಂದಳು. ಆ ಒಂದು ಶಬ್ದವನ್ನು ಅವಳು ಹೇಳಿದ ರೀತಿ ಕೇಳಿ, ನಿಪ್ಪಾಣಿಯ ಶೇಠನ ಮೇಲಿದ್ದ ಸಿಟ್ಟು ಇಳಿದುಹೋಯಿತು.

“ಇದಕ್ಕ ಬ್ಲೌಸ್ ಇಲ್ಲಲ್ರಿ.”

“ಬ್ಲೌಸ್? ಮ್ಯಾಚಿಂಗ್ ಸೆಂಟರಿನ ಯಜಮಾನನ ಹೆಂಡತಿ ಕೇಳೋ ಮಾತೇನಿದು?” ಎಂದು ಅಂಗಡಿಗೆ ಹೋದೆ. ರೆಡಿಮೇಡ್ ಬ್ಲೌಸಿನ ಸಾಲಿನಲ್ಲಿ ಹುಡುಕಿದೆ. ಅಬೋಲಿ ಇರಲಿಲ್ಲ. ಅಬೋಲಿ ಎಂದೂ ನಿಲ್ಲುವುದಿಲ್ಲ, ಬಂದ ವಾರದಲ್ಲೇ ಖಾಲಿ. ಅದಕ್ಕೇ ಅದು ಅವಳ ಪಾಲಿಗೆ ಎಂದೂ ಬಂದಿರಲಿಲ್ಲ. ಬರಿಗೈಯಲ್ಲಿ ವಾಪಸಾದೆ. ಅವಳು ಆಗಲೇ ತಂಬಾಕು ಬಣ್ಣದ ಬ್ಲೌಸ್ ತೊಟ್ಟು, ಅಬೋಲಿ ಸೀರೆ ಉಟ್ಟು, ಕನ್ನಡಿಯ ಮುಂದೆ ನಿಂತಿದ್ದಳು. ಧಂದೆಯ ಆಣೆ ಮಾಡಿ ಹೇಳುತ್ತೇನೆ, ಆ ಎರಡು ಬಣ್ಣ ಅಷ್ಟು ಒಪ್ಪುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಆ ಥಾನು ಯಾವತ್ತೋ ಮಾರಿ ಹೋಗುತ್ತಿತ್ತು.

ಕಾರ್ಡನ್ನು ಕನ್ನಡಿಗೆ ಆನಿಸಿ ಇಟ್ಟಿದ್ದಳು. ಕೊನೆಯ ತುಂಡನ್ನೂ ಮೈಮೇಲಿನ ಸೆರಗನ್ನೂ ಹೊಂದಿಸಿ ನೋಡಿದಳು.

“ವೈನಿ ಸೀರಿದೂ ಇದ ಬಣ್ಣ ಇತ್ರಿ. ಅಗದೀ ಇದ. ಸೀರಿ ಯಾರದು ಅನ್ನೂದು ತಪ್ಪಿದ್ರೂ ಬಣ್ಣ ತಪ್ಪಿಲ್ಲ ನೀವು.” ಆಮೇಲೆ ಕೆಳಗಿನ ಮಾತನ್ನು ಇನ್ನೊಮ್ಮೆ ಓದಿದಳು: “‘ಇದರ ಮುಂದೆ ನನ್ನ ಚೌಕಾಸಿ ನಡೆಯಲಿಲ್ಲ.’ ಮುಂಜಾನೆ ಇದು ಬ್ಯಾರೇರ ಸೀರಿ ಮ್ಯಾಲಿನ ಮಾತಿತ್ತು.”

“ನಡೆಯಲಿಲ್ಲ ಅಂದ್ರ ರಾಯಬಾಗದಾಗ,” ಅಂದೆ. “ನಿಪ್ಪಾಣ್ಯಾಗ ನಡೀತು. ಶೇಠನ್ನ ಅರ್ಧಕ್ಕ ಇಳಿಸಿ ಬಂದೀನಿ.”

ಅವಳು ಗುಂಡಗೆ ಮಾಡಿದ ಮೂಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲೊಂದು ಮೂಲೆ ಇರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

“ಗೌರಕ್ಕ ಫೋನ್ ಮಾಡಿದ್ರು,” ಅಂದಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ. “ಒಂದ ಚಪ್ಪಲಿ ಹಾಕ್ಕೊಂಡು ಭಾಳ ಹೊತ್ತ ನಿಂತಿದ್ರಂತಲ್ಲ.”